ನಾನು ಅಳಿಸಿದ ಜಾಲಂದ್ರ

ಆ ಕೋಣೆಯೊಳಗೆ ನಾನು ಕಾಲೇ ಇಟ್ಟಿರಲಿಲ್ಲ.

ಶಿರಾ ಊರಾಚೆಯ ಹಳೇ ಗುಮ್ಮಟದ ಬಲಗಡೆಯ ಕೋಣೆ. ಕಂಪ್ಯೂಟರಿನಲ್ಲಿ ಅದನ್ನು ಮೂಲೆ ಮೂಲೆಯೂ ಕಾಣುವ ಹಾಗೆ ಮಾಡಿಕೊಟ್ಟವಳು ನಾನೇ. ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ತಿರುಗಿಸಿ ನೋಡಿ, ಪರವಾಗಿಲ್ಲವೇ ನಮ್ಮ ಕಡೆಯವರೂ ಅಂತ ಮೆಚ್ಚಿಕೊಂಡಿರಲೂಬಹುದು. ಅದು ಸುಳ್ಳು ಕೋಣೆ. ಎಡಗಡೆಯದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಬಲಕ್ಕೆ ಅಂಟಿಸಿದ್ದೆ. ಆ ಸುಳ್ಳಿಗೆ ಒಂದು ಕಿಟಕಿ ಹೋಯಿತು. ಕಿಟಕಿಯ ಜೊತೆಗೆ ಒಬ್ಬ ಹೆಂಗಸಿಗೆ ತನ್ನ ನೆನಪಿನ ಮೇಲಿದ್ದ ನಂಬಿಕೆಯೂ ಹೋಯಿತು — ಹೇಳಬೇಕಾಗಿರುವುದು ಅದನ್ನೇ.

ನಾನು ಮಧುಗಿರಿಯವಳು. ಸಿವಿಲ್ ಡಿಪ್ಲೊಮಾ ಓದಿ, ಹಳೇ ಕಟ್ಟಡಗಳನ್ನು ಸ್ಕ್ಯಾನ್ ಮಾಡುವ ಒಂದು ಸಣ್ಣ ಕಂಪನಿ ಸೇರಿದವಳು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಇಟ್ಟರೆ ಅದು ತನ್ನಷ್ಟಕ್ಕೆ ಸುತ್ತುತ್ತಾ ಎಲ್ಲಾ ಕಡೆಗೂ ಲೇಸರ್ ಬೆಳಕು ಎಸೆಯುತ್ತದೆ. ಬೆಳಕು ತಾಗಿದ ಜಾಗವೆಲ್ಲ ಒಂದೊಂದು ಚುಕ್ಕೆ. ಅಂಥ ಲೆಕ್ಕವಿಲ್ಲದಷ್ಟು ಚುಕ್ಕೆ ಸೇರಿದರೆ ಕಟ್ಟಡ. ಬೆಳಕು ತಾಗದ ಕಡೆ ಕಪ್ಪು ತೂತು ಉಳಿಯುತ್ತದೆ. ಯಂತ್ರಕ್ಕೆ ನಾಚಿಕೆಯಿಲ್ಲ, ಕಾಣಲಿಲ್ಲ ಅಂದರೆ ಕಾಣಲಿಲ್ಲ ಅನ್ನುತ್ತದೆ. ತೂತು ಮುಚ್ಚುವವರು ನಾವು.

ಗುಮ್ಮಟಕ್ಕೆ ಹೋದಾಗ ಜೊತೆಗಿದ್ದವನು ಓಬಳೇಶ, ಪಾವಗಡದ ಕಡೆಯ ಹುಡುಗ, ನನ್ನ ಹಾಗೇ ನೌಕರ. ಅಲ್ಲಿ ನಡುವೆ ಸಮಾಧಿ ಇರುವ ದೊಡ್ಡ ಹಾಲ್, ಅದರ ಎಡಕ್ಕೊಂದು ಬಲಕ್ಕೊಂದು ಕೋಣೆ. ಬಲಗಡೆಯದರಲ್ಲಿ ಮಾಬೂಬಿ ಚಾಚಿ ಇದ್ದರು. ಗುಮ್ಮಟ ನೋಡಿಕೊಳ್ಳುತ್ತಿದ್ದ ಮುಜಾವರರ ಹೆಂಡತಿ; ಮಕ್ಕಳಿಲ್ಲ. ಮುಜಾವರರು ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ, ಚಾಚಿ ಇದ್ದತ್ತಿನಲ್ಲಿ ಕೂತಿದ್ದರು. ಗಂಡ ಹೋದ ಮೇಲೆ ಕೆಲವು ತಿಂಗಳು ಪರಗಂಡಸರ ಕಣ್ಣಿಗೆ ಬೀಳದೆ ಮನೆಯೊಳಗೇ ಇರುವ ಪದ್ಧತಿ ಅದು. ಹಾಗಾಗಿ ಓಬಳೇಶ ಆ ಕಡೆ ಸುಳಿಯುವ ಹಾಗಿರಲಿಲ್ಲ.

ನಾನು ಹೋಗಬಹುದಿತ್ತು. ಚಾಚಿ ಬಾಗಿಲು ಓರೆ ಮಾಡಿ ಚಹಾದ ಲೋಟ ಕೈಗೆ ಕೊಟ್ಟು ಅವರೇ ಹೇಳಿದ್ದರು: “ಗಂಡಸ್ರು ಬ್ಯಾಡ. ನೀನು ಹೆಣ್ಮಗ್ಳು, ನಿನಗೇನು? ನಮಾಜ್ ಮುಗಿಸ್ಕೊಂಡು ನಾನು ಆ ಕಡೆ ಅಡುಗೆಮನೇಲಿ ಕೂತ್ಕೊತೀನಿ, ನೀನು ನಿನ್ ಮಿಷನ್ ಇಟ್ಕೋ ಬೇಟಿ.” ಸಾವಿನ ಮನೆಯ ಹೆಂಗಸು, ಗುರುತು ಪರಿಚಯವಿಲ್ಲದ ನನಗೆ ಚಹಾ ಕೊಟ್ಟು, ಬಿಸಿಲಲ್ಲಿ ಕೆಲಸ ಮಾಡ್ತೀಯಾ ಅಂತ ಮಧ್ಯಾಹ್ನ ರೊಟ್ಟಿಯನ್ನೂ ಕಟ್ಟಿಕೊಟ್ಟರು. ನಾನು ರೊಟ್ಟಿ ತಿಂದೆ. ನಮಾಜ್ ಮುಗಿಯುವ ತನಕ ಕಾಯಲಿಲ್ಲ.

ದುಃಖದಲ್ಲಿರುವವರಿಗೆ ಯಾಕೆ ತೊಂದರೆ ಅಂತ ಬಿಟ್ಟೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಅಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು, ಅಷ್ಟೇ. ಇದ್ದತ್ತು ಮುಗಿದ ಮೇಲೆ ಬರೋಣ ಅಂದುಕೊಂಡೆ, ಬರಲಿಲ್ಲ. ಆಫೀಸಿನಲ್ಲಿ ಕಟ್ಟಡದ ಪೂರ್ತಿ ಕಂಪ್ಯೂಟರ್ ಮಾದರಿ ಕೇಳಿದಾಗ ಓಬಳೇಶ ನಗುತ್ತಾ, “ಎಡಗಡೇದೇ ಉಲ್ಟಾ ಮಾಡಿ ಹಾಕ್ಬುಡಕ್ಕಾ, ಎರಡೂ ಒಂದೇ ತರ ಐತಲ್ಲ” ಅಂದ. ಅವನು ತಮಾಷೆಗೆ ಅಂದದ್ದು. ಮಾಡಿದ ಕೈ ನನ್ನದು.

ಇನ್ನೊಂದಿದೆ. ಹಾಲಿನ ಕಡೆಯಿಂದ ಆ ಬಲಗಡೆಯ ಗೋಡೆಗೆ ಒಂದು ತೆಳು ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಸ್ಕ್ಯಾನಿನಲ್ಲಿ ಅದೂ ಬಂದಿತ್ತು. ಬಟ್ಟೆ, ಬಲ್ಬು, ಚಪ್ಪಲಿ ಇಂಥವನ್ನೆಲ್ಲ ನಾವು ಕಸ ಅನ್ನುತ್ತೇವೆ, ಒರೆಸಿ ತೆಗೆಯುತ್ತೇವೆ. ಆ ಬಟ್ಟೆಯನ್ನೂ ಒರೆಸಿದೆ. ಅದರ ಹಿಂದೆ ಏನಿರಬಹುದು ಅಂತ ಒಂದು ಗಳಿಗೆ ಯೋಚಿಸದೆ ನುಣ್ಣನೆಯ ಗೋಡೆ ಎಳೆದೆ.

ಮರುವರ್ಷ ಜೋರು ಮಳೆಗೆ ಆ ಕೋಣೆಯ ಮಾಳಿಗೆ ಕುಸಿಯಿತು, ಹಾಲಿನ ಕಡೆಯ ಗೋಡೆಯನ್ನೂ ಎಳೆದುಕೊಂಡು ಬಿತ್ತು. ಚಾಚಿ ಅಷ್ಟು ಹೊತ್ತಿಗೆ ಊರೊಳಗೆ ತಮ್ಮ ಅಕ್ಕನ ಮಗ ರಫೀಕನ ಮನೆಯಲ್ಲಿದ್ದರು — ಬದುಕಿದರು. ಚಾಚಿಯನ್ನು ಖಾಲಾ ಅನ್ನುವ ರಫೀಕ ಬುಕ್ಕಾಪಟ್ಟಣದಲ್ಲಿ ಬೆಳೆದವನು, ಚಿಕ್ಕಪ್ಪ ಹೋದ ಮೇಲೆ ಗುಮ್ಮಟ ನೋಡಿಕೊಳ್ಳಲು ಬಂದವನು. ಗೋಡೆಯ ರಿಪೇರಿಗೆ ಬಂದವರು ನನ್ನ ಮಾದರಿ ಇಟ್ಟುಕೊಂಡೇ ಕಟ್ಟಿದರು. ಗೋಡೆ ಎದೆಮಟ್ಟ ಬಂದಾಗ ಚಾಚಿ ಹೋಗಿ ತಡೆದರಂತೆ. ಇಲ್ಲಿ ಜಾಲಂದ್ರ ಇತ್ತು, ಗಾರೆಯಲ್ಲಿ ಹೂವಿನ ಕಂಡಿ ಕೊರೆದದ್ದು, ನಾನು ಮದುವೆಯಾಗಿ ಬಂದಾಗಿಂದ ಅಲ್ಲೇ ಕೂತು ಸಮಾಧಿಯ ದೀಪ ನೋಡಿದೀನಿ ಅಂತ. ಆ ಮನೆಯ ಹೆಂಗಸರು ಹಾಲಿನೊಳಗೆ ಹೋಗುತ್ತಿರಲಿಲ್ಲ. ಅವರಿಗೆ ಅಂತಲೇ ಇದ್ದ ಕಿಟಕಿ ಅದು. ಹೊರಗಿನವರು ಯಾವಾಗಲೂ ಕಂಡದ್ದು ಹಸಿರು ಪರದೆಯನ್ನು. ಹಿಂದಿನದನ್ನು ಕಂಡವರು ಆ ಮನೆಯ ಹೆಂಗಸರು ಮಾತ್ರ, ಅವರಲ್ಲಿ ಉಳಿದವರು ಇವರೊಬ್ಬರೇ. ಬಿದ್ದ ಗಾರೆಯೆಲ್ಲ ಮಣ್ಣಿನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗಿಯಾಗಿತ್ತು.

ಇಂಜಿನಿಯರು ನನ್ನನ್ನು ಕರೆಸಿದರು. ಮೇಸ್ತ್ರಿಗಳು, ರಫೀಕ, ದಾರಿಯಲ್ಲಿ ಹೋಗುವ ನಾಲ್ಕು ಜನ, ಎಲ್ಲರೂ ನಿಂತಿದ್ದರು. ಚಾಚಿ ನನ್ನನ್ನು ಕಂಡು ಹಗುರಾದರು. “ಬಂದ್ಲಲ್ಲ, ಇವಳೇ ಹೇಳ್ತಾಳೆ” ಅಂದರು. ಆಗಲಾದರೂ — ನಾನು ಒಳಗೇ ಹೋಗಿಲ್ಲ, ನನಗೆ ಗೊತ್ತಿಲ್ಲ ಅಂದಿದ್ದರೆ ಆಗುತ್ತಿತ್ತು. ಅಷ್ಟು ಜನರ ಮುಂದೆ ಮರ್ಯಾದೆ ಹೋಗುತ್ತದಲ್ಲ ಅನ್ನಿಸಿತು. ನನ್ನ ಬಾಯಿಂದ ಬಂದದ್ದು ಇದು:

“ಚಾಚಿ, ಯಂತ್ರ ಸುಳ್ಳು ಹೇಳಲ್ಲ. ನಿಮಗೆ ವಯಸ್ಸಾಯ್ತು, ಎಲ್ಲೋ ನೋಡಿದ್ದನ್ನ ಇಲ್ಲೀದು ಅಂದ್ಕೊಂಡಿದೀರ.”

ಅವರು ಹೊಸ ಗೋಡೆಯ ಮೇಲೆ ಕೈಯಾಡಿಸಿ, “ಹಂಗಾ? ಹಂಗಾದ್ರೆ ನಂಗೇ ಏನೋ ಆಗೈತೆ” ಅಂದರು.

ಅವತ್ತೇ ಆಫೀಸಿಗೆ ಹೋಗಿ, ಒರೆಸುವ ಮುಂಚಿನ ಸ್ಕ್ಯಾನ್ ತೆಗೆದು ನೋಡಿದೆ. ಬಟ್ಟೆಯ ಅಂಚು ಒಂದು ಕಡೆ ಗಾಳಿಗೆ ಸರಿದಿತ್ತು. ಆ ಸಂದಿಯಿಂದ ಒಂದಷ್ಟು ಚುಕ್ಕೆಗಳು ಗೋಡೆ ದಾಟಿ ಒಳಕೋಣೆಯ ಆಚೆ ಗೋಡೆಯ ಮೇಲೆ ಬಿದ್ದಿದ್ದವು. ಗಟ್ಟಿ ಗೋಡೆಯಾಗಿದ್ದರೆ ಬೆಳಕು ದಾಟುವುದೆಲ್ಲಿ? ಜಾಲಂದ್ರ ಇತ್ತು. ಯಂತ್ರ ನಿಜವಾಗಿಯೂ ಸುಳ್ಳು ಹೇಳಿರಲಿಲ್ಲ. ನಾನು ಆ ಫೈಲು ಮುಚ್ಚಿಟ್ಟು ಸುಮ್ಮನಾದೆ. ಎರಡು ವರ್ಷ.

ಚಾಚಿಗೆ ನನ್ನ ಮೇಲೆ ಸಿಟ್ಟಿದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಎಲ್ಲರ ಹತ್ತಿರವೂ ನನ್ನನ್ನು ಹೊಗಳುತ್ತಿದ್ದರಂತೆ: ಬೇರೆಯವರು ಹಿಂದೆ ನಗ್ತಾರೆ, ಆ ಹುಡುಗಿ ಮಾತ್ರ ಮುಖಕ್ಕೆ ನಿಜ ಹೇಳಿದ್ಲು ಅಂತ. ರಂಜಾನಿಗೆ ತಪ್ಪದೆ ಕರೆಯುತ್ತಿದ್ದರು. ಈ ಸಲವೂ ಕರೆದರು, ಹೋದೆ. ಶೀರ್ ಕುರ್ಮಾದ ಬಟ್ಟಲು ಕೈಗಿಟ್ಟರು. ಪಕ್ಕದಲ್ಲೇ ಚಾಪೆಯ ಮೇಲೆ ರಫೀಕನ ಕೂಸು ಅಳುತ್ತಿತ್ತು. ಚಾಚಿಯ ಕೈ ತಾನಾಗಿ ಮುಂದೆ ಹೋಯಿತು, ಅಲ್ಲೇ ನಿಂತಿತು. ಒಳಗಿದ್ದ ರಫೀಕನ ಹೆಂಡತಿಯನ್ನು ಕೂಗಿದರು. “ನೀನೇ ಎತ್ಕೋ ಬಾರಮ್ಮ. ನಂಗೆ ತಲೆ ಸರಿಯಿಲ್ಲ, ಎಲ್ಲಾದ್ರೂ ಮಲಗ್ಸಿ ಮರ್ತುಬುಟ್ರೆ ಏನ್ ಗತಿ.” ನನ್ನ ಕಡೆ ತಿರುಗಿ ನಕ್ಕರು. “ಇದು ಹುಟ್ಟಿದಾಗಿಂದ ಎತ್ತಿಲ್ಲ ಕಣಮ್ಮ. ಭಯ.”

ಬಟ್ಟಲು ಕೆಳಗಿಟ್ಟು ಹೇಳಿದೆ. ಎಲ್ಲವನ್ನೂ ಅಲ್ಲೇ, ಎಲ್ಲರ ಮುಂದೆ ಹೇಳಿದೆ: ಒಳಗೆ ಹೋಗದೇ ಇದ್ದದ್ದು, ಮಗುಚಿದ್ದು, ಬಟ್ಟೆ ಒರೆಸಿದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದು.

ರಫೀಕ ನಂಬಲಿಲ್ಲ. “ಬ್ಯಾಡ ಬಿಡಕ್ಕ, ಖಾಲಾಗೆ ಸಮಾಧಾನ ಆಗ್ಲಿ ಅಂತ ಯಾಕೆ ನಿಮ್ ಮೇಲೆ ಎಳ್ಕೊತೀರ” ಅಂದ. ನನ್ನ ಸುಳ್ಳು ಅಷ್ಟು ಗಟ್ಟಿಯಾಗಿ ಕೂತಿತ್ತು. ಚಾಚಿಯೂ ಅವನ ಮಾತೇ ಸರಿ ಅನ್ನುವ ಹಾಗೆ ತಲೆಯಾಡಿಸಿದರು, ನನ್ನ ಕೈ ಸವರಿದರು. ಮಾರನೇ ದಿನ ಲ್ಯಾಪ್‌ಟಾಪು ಹೊತ್ತುಕೊಂಡು ಹೋದೆ. ಬಟ್ಟೆಯ ಸಂದಿಯಿಂದ ಒಳಗೆ ಹೋದ ಚುಕ್ಕೆಗಳನ್ನು ದೊಡ್ಡದು ಮಾಡಿ ತೋರಿಸಿದೆ. ಒಳಕೋಣೆಯ ಆ ಆಚೆ ಗೋಡೆಯ ಮುಂದೆ ಏನೋ ಜೋತುಬಿದ್ದಿತ್ತು, ಏನೆಂದು ನನಗೆ ಗೊತ್ತಾಗಿರಲಿಲ್ಲ. ಚಾಚಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ಅವ್ರ ಜುಬ್ಬದ ತೋಳು. ಅವ್ರು ಹೋದ್ಮೇಲೂ ಗೂಟದಿಂದ ತೆಗ್ದಿರ್ಲಿಲ್ಲ ನಾನು.”

ಆ ಗೂಟ ಕೋಣೆಯೊಳಗಿನದು ಅಂತ ರಫೀಕನಿಗೂ ಗೊತ್ತಿತ್ತು. ಗಂಟುಮೂಟೆ ಸಾಗಿಸುವ ದಿನ, ಒಳಗಿನ ಗೂಟದಲ್ಲೇ ಉಳಿಯಿತು ಅಂತ ಚಾಚಿ ಮತ್ತೆ ಹೋಗಿ ತಂದ ಆ ಜುಬ್ಬವನ್ನು ಹೊರಗೆ ನಿಂತು ಈಸಿಕೊಂಡವನು ಅವನೇ. ಅವನು ಚಾಚಿಯ ಕಾಲ ಹತ್ತಿರ ಕೂತುಬಿಟ್ಟ. ಚಾಚಿ ಸೆರಗಲ್ಲಿ ಕಣ್ಣೊರೆಸಿಕೊಂಡು, “ಮಗೂನ ಇಲ್ಲಿ ಕೊಡು” ಅಂದರು. ಕೂಸನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಅಂಗಳದಲ್ಲಿ ಆಚೆಗೂ ಈಚೆಗೂ ಓಡಾಡಿದರು. ಈಗ ಬೈತಾರೆ, ಈಗ ಬೈತಾರೆ ಅಂತ ನಾನು ತಲೆ ತಗ್ಗಿಸಿ ಕೂತಿದ್ದೆ. ಹತ್ತಿರ ಬಂದು ನಿಂತು, “ಶುಕ್ರಿಯಾ ಬೇಟಿ. ನೀನು ಹೇಳ್ದೆ ಹೋಗಿದ್ರೆ ನಾನು ಹುಚ್ಚಿ ಅಂದ್ಕೊಂಡೇ ಮಣ್ಣಿಗೆ ಹೋಗ್ತಿದ್ದೆ” ಅಂದರು.

ನಾನೇ ಕಿತ್ತುಕೊಂಡದ್ದನ್ನು ವಾಪಸು ಕೊಟ್ಟದ್ದಕ್ಕೆ ಅವರು ನನಗೆ ಥ್ಯಾಂಕ್ಸ್ ಹೇಳಿದರು. ಅಂಥವರ ಕೈಯ ಚಹಾ, ರೊಟ್ಟಿ, ಮಾತು ನನ್ನ ಪಾಲಿಗೆ ಬಂದದ್ದು — ಯಾವ ಪುಣ್ಯವೋ, ನಾನು ಮಾಡಿದ್ದಂತೂ ಅಲ್ಲ. ಬದುಕಿರುವ ತನಕ ಆ ಋಣ ಇಟ್ಟುಕೊಂಡೇ ಇರುತ್ತೇನೆ.

ಆಫೀಸಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ, ಹೋದರೆ ಕೇಳುವ ಹಕ್ಕು ನನಗಿಲ್ಲ. ಮಾದರಿಯಿಂದ ಆ ಕೋಣೆಯನ್ನು ಕಿತ್ತು ಹಾಕಿದ್ದೇವೆ, ಅಲ್ಲಿ ಈಗ ಕಪ್ಪು ತೂತು ಕಾಣುತ್ತದೆ, ನೋಡಿಲ್ಲ ಅಂತ ಬರೆದಿದೆ. ಆ ಗೋಡೆ ತೆಗೆದು ಜಾಲಂದ್ರ ಕೂರಿಸಿ ಅಂತ ಇಂಜಿನಿಯರ ಬಾಗಿಲಿಗೆ ಅಲೆಯುತ್ತಿದ್ದೇನೆ. ಅದು ಎಷ್ಟು ಎತ್ತರದಲ್ಲಿತ್ತು, ಎಷ್ಟು ಅಗಲ, ಯಾವ ಹೂವು ಅಂತ ಚಾಚಿ ಹೇಳುತ್ತಾರೆ, ಓಬಳೇಶ ಚಿತ್ರ ಬರೆಯುತ್ತಾನೆ.

ಮಾಡಿದ್ದು ತಪ್ಪು ಅಂತ ಚಾಚಿಗೆ ಹೇಳಿದ್ದೇನೆ. ಕ್ಷಮಿಸಿ ಅಂತ ಮಾತ್ರ ಇನ್ನೂ ಕೇಳಿಲ್ಲ. ಕೇಳಿದರೆ ಅವರು ಅಲ್ಲೇ, ಎರಡು ಮಾತಿಲ್ಲದೆ ಕ್ಷಮಿಸಿಬಿಡುತ್ತಾರೆ. ಅದಕ್ಕೇ ಕೇಳಲು ಬಾಯಿ ಬರುತ್ತಿಲ್ಲ.