ಮೈಕಮ್ಮನ ಕೊನೆಯ ತಿಂಗಳುಗಳು

ಆ ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಯಾರೂ ಇರಲಿಲ್ಲ. ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ತಡ, ಯಾರ ಚೀಲ ಸಿಕ್ಕಿದೆ, ಯಾರ ಮಗು ತಪ್ಪಿಸಿಕೊಂಡಿದೆ, ಎಲ್ಲವನ್ನೂ ಮಹಡಿಯ ಗಾಜಿನ ಕೋಣೆಯಲ್ಲಿ ಕುಳಿತು ಏರಿಳಿತವಿಲ್ಲದೆ ಹೇಳುತ್ತಿದ್ದಳು. ಕಂಡಕ್ಟರುಗಳ ಬಾಯಲ್ಲಿ ಅವಳು ಮೈಕಮ್ಮ. ಮನೆಯಲ್ಲಿ ಮಾತ್ರ ಬಾಯಿಬಿಟ್ಟರೆ ಮುತ್ತು ಉದುರೀತು ಎಂಬಂತೆ ಇರುತ್ತಿದ್ದಳು. "ಮಾತೆಲ್ಲ ಬಸ್ ಸ್ಟ್ಯಾಂಡಲ್ಲೇ ಸುರಿದು ಬರ್ತಾಳೆ. ನಮ್ಮ ಪಾಲಿಗೆ ಬರೀ ಹೂಂ, ಉಹೂಂ" ಎಂದು ಅತ್ತೆ ನಗುತ್ತಿದ್ದರು.

ಮದುವೆಯಾಗಿ ಬಹಳ ವರ್ಷಗಳಾಗಿ, ನೆಂಟರು ವಿಚಾರಿಸುವುದನ್ನೂ ಬಿಟ್ಟ ಮೇಲೆ ಅವಳು ಬಸುರಿಯಾದಳು.

ಏಳು ತುಂಬುವವರೆಗೆ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ಆಮೇಲೆ ಮೊದಲು ಕೈಕೊಟ್ಟದ್ದು ಉಸಿರು. ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದ ವಾಕ್ಯ ನಡುವೆ ತುಂಡಾಗತೊಡಗಿತು. ಊರಿನ ಹೆಸರು ಕೇಳಿ ಗಂಟುಮೂಟೆ ಎತ್ತಿಕೊಂಡ ಪ್ರಯಾಣಿಕರು, ಪ್ಲಾಟ್‌ಫಾರಮ್ಮಿನ ಸಂಖ್ಯೆ ಕೇಳಿಸಲೆಂದು ಒಂದು ಕಾಲು ಮುಂದಿಟ್ಟುಕೊಂಡೇ ಕಾಯಬೇಕಾಗುತ್ತಿತ್ತು.

ತಪಾಸಣೆಗೆ ಹೋದಾಗ ನರ್ಸ್ ಸಮಾಧಾನ ಹೇಳಿದಳು. "ಮಗು ಮೇಲಕ್ಕೆ ಒತ್ತುತ್ತೆ, ಉಸಿರಿಗೆ ಜಾಗ ಸಾಲಲ್ಲ. ಕೊನೆಗೆ ತಲೆ ಕೆಳಗಿಳಿದ್ರೆ ಸರಾಗ ಆಗುತ್ತೆ. ಆಗ ಬಚ್ಚಲಿಗೆ ಓಡೋದು ಜಾಸ್ತಿ."

"ಅದು ಈಗ್ಲೇ ಆಗ್ತಿದೆಯಲ್ಲ" ಎಂದಳು ಇವಳು.

ಎದೆಯುರಿಯಿಂದ ಊಟ ಸೇರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿಯ ಪಟ್ಟಿಯ ಗುರುತು ಚರ್ಮದ ಮೇಲೆ ಉಳಿಯುತ್ತಿತ್ತು. ನಿಲ್ದಾಣದ ಕಂಟ್ರೋಲರ್, ನಗುವುದನ್ನು ಯಾರೂ ನೋಡಿರದ ಮನುಷ್ಯ, ಒಂದು ದಿನ ಖಾಲಿ ಮರದ ಪೆಟ್ಟಿಗೆ ತಂದು ಅವಳ ಮೇಜಿನಡಿ ತಳ್ಳಿ, "ಕಾಲು ಇದರ ಮೇಲಿಡಮ್ಮ" ಎಂದಷ್ಟೇ ಹೇಳಿ ಹೋದ.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು. ಸಡಿಲವಾಯಿತು. ಮತ್ತೆ ಗಟ್ಟಿಯಾಯಿತು. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿಬಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಗೆ ತಲುಪುವಷ್ಟರಲ್ಲಿ ನೋವು ಮಂಗಮಾಯ.

"ಇದು ಸುಳ್ಳು ನೋವು" ಎಂದಳು ನರ್ಸ್. "ಎದ್ದು ಓಡಾಡಿದ್ರೆ, ಮಗ್ಗುಲು ಬದಲಿಸಿದ್ರೆ ನಿಂತುಹೋಗುತ್ತೆ. ನಿಜವಾದದ್ದು ನಿಲ್ಲಲ್ಲ, ಬರ್ತಾ ಬರ್ತಾ ಜೋರಾಗುತ್ತೆ. ಆದ್ರೂ ಅನುಮಾನ ಬಂದ್ರೆ ಬನ್ನಿ, ಸಂಕೋಚ ಬೇಡ."

ಸುದ್ದಿ ಅವಳಿಗಿಂತ ಮೊದಲೇ ನಿಲ್ದಾಣ ಮುಟ್ಟಿತ್ತು. ಮರುದಿನ ಒಬ್ಬ ಕಂಡಕ್ಟರ್ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ: "ಏನು ಮೈಕಮ್ಮ, ಬಸ್ಸು ಬರೋ ಮುಂಚೆನೇ ಅನೌನ್ಸ್ ಮಾಡಿಬಿಟ್ರಂತೆ?" ಎಲ್ಲರೂ ನಕ್ಕರು, ಅವಳೂ ನಕ್ಕಳು. ಒಳಗೆ ಮಾತ್ರ ಚುರುಕ್ಕೆಂದಿತು. ಇನ್ನು ಸುಮ್ಮಸುಮ್ಮನೆ ಹೋಗಿ ನಗೆಪಾಟಲಾಗಬಾರದು ಅಂದುಕೊಂಡಳು.

ಒಂಬತ್ತಕ್ಕೆ ಬಿದ್ದ ಮೇಲೆ, ರಜೆ ಹಾಕಲು ಒಂದು ವಾರ ಇದ್ದಾಗ, ಮಗು ಸುಮ್ಮನಾಯಿತು. ದಿನಾ ಊಟವಾದ ಮೇಲೆ ಮೇಜಿನ ಅಂಚಿಗೆ ತಾಗುವ ಹಾಗೆ ಒದೆಯುತ್ತಿದ್ದ ಕೂಸು ಅವತ್ತು ಅಲುಗಲಿಲ್ಲ. ಬೆಳಿಗ್ಗೆ ಒದ್ದಿತ್ತೇ? ನೆನಪಾಗಲಿಲ್ಲ. ಅತ್ತೆಗೆ ಫೋನ್ ಮಾಡಿದಳು.

"ಕೊನೇಲಿ ಹಾಗೇ ಕಣೇ, ಒಳಗೆ ಜಾಗ ಎಲ್ಲಿದೆ ಒದೆಯೋಕೆ?" ಎಂದರು ಅತ್ತೆ. "ನಿನ್ನ ಗಂಡನೂ ಹೀಗೇ ತೆಪ್ಪಗೆ ಬಿದ್ದಿದ್ದ. ಗಾಬರಿ ಬೀಳ್ಬೇಡ."

ತಣ್ಣೀರು ಕುಡಿದು, ಗೋಡೆ ಬದಿಯ ಬೆಂಚಿನ ಮೇಲೆ ಎಡಮಗ್ಗುಲಾಗಿ ಮಲಗಿ ಕಾದಳು. ಏನೂ ಇಲ್ಲ. ಆ ಕೋಣೆಗೆ ಮಗು ಕಳೆದುಕೊಂಡು ಏದುಸಿರು ಬಿಡುತ್ತ ಬರುವ ತಾಯಂದಿರು ಬಹುತೇಕ ಒಂದೇ ಮಾತು ಹೇಳುತ್ತಿದ್ದರು: 'ನನ್ನ ಹಿಂದೇನೇ ಇದೆ ಅಂದ್ಕೊಂಡಿದ್ದೆ.' ಆ ಮಾತು ನೆನಪಾದದ್ದೇ ತಡ, ಅವಳು ಎದ್ದು ಚಪ್ಪಲಿ ಹುಡುಕಿದಳು.

"ಸಾರ್, ನಾನು ಆಸ್ಪತ್ರೆಗೆ ಹೋಗ್ಬೇಕು. ನೋವಿಲ್ಲ. ಮಗು ಅಲುಗ್ತಿಲ್ಲ."

ಕಂಟ್ರೋಲರ್ ಬೇರೇನೂ ಕೇಳಲಿಲ್ಲ. ಟ್ಯಾಕ್ಸಿ ತರಿಸಿ ಹತ್ತಿಸಿದ, ಡಿಪೋಗೆ ಫೋನ್ ಮಾಡಿದ, ತಾನೇ ಹೋಗಿ ಮೈಕಿನ ಮುಂದೆ ಕುಳಿತ. ಅವತ್ತು ಎಷ್ಟೋ ಜನ ತಪ್ಪು ಬಸ್ಸು ಹತ್ತಿದರಂತೆ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಎದೆಬಡಿತ ಕೇಳಿಸಿದರು. ಬಡಿತವಿತ್ತು. ಅವಳ ಕಣ್ಣು ತುಂಬಿತು. ಆದರೆ ಯಂತ್ರದಿಂದ ಬರುತ್ತಿದ್ದ ಕಾಗದವನ್ನು ನೋಡುತ್ತಿದ್ದ ಡಾಕ್ಟರಮ್ಮನ ಮುಖ ಸಡಿಲವಾಗಲಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಆಕೆ ಹೇಳಿದರು: "ಮಗುವಿನ ಸುತ್ತ ಇರೋ ನೀರು ತುಂಬಾ ಕಡಿಮೆಯಾಗಿದೆ. ಮಗು ಸುಸ್ತಾಗ್ತಿದೆ. ಆಪರೇಷನ್ ಮಾಡಿ ತೆಗೀತೀವಿ."

"ಈಗ್ಲೇನಾ?"

"ಈಗ್ಲೇ."

ಗಂಡ ಬರುವಷ್ಟರಲ್ಲಿ ಅವಳನ್ನು ಒಳಗೆ ಒಯ್ದಿದ್ದರು. ಹೊತ್ತು ಮುಳುಗುವ ಮುನ್ನ ಹೆಣ್ಣುಮಗು ಹುಟ್ಟಿತು. ಬೊಗಸೆಯಲ್ಲಿ ಹಿಡಿಸುವಂತಿತ್ತು, ತಡವಾಗಿ ಅತ್ತಿತು. ಅದನ್ನು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾಳೆ ನೋಡೋಣ ಅಂತ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಗಂಡನಿಗೆ ಹೇಳಿದ್ದು ಪಕ್ಕದಲ್ಲಿದ್ದ ಅತ್ತೆಯ ಕಿವಿಗೂ ಬಿತ್ತು.

ಅತ್ತೆ ಮಂಚದ ಪಕ್ಕ ಬಂದು ಕುಳಿತು ಅಂದರು: "ನನ್ನ ಮಾತು ಕೇಳಿದ್ದಿದ್ರೆ ಕೆಡ್ತಿದ್ವಿ ಕಣೇ."

"ನಿಮಗೂ ಯಾರೋ ಹಾಗೇ ಹೇಳಿರ್ತಾರೆ ಬಿಡಿ, ಅತ್ತೆ."

ಮಗು ಹಾಲು ಎಳೆಯುವುದು ಕಲಿತು, ಮೈಹಿಡಿದು, ಮನೆಗೆ ಬರಲು ಕೆಲವು ವಾರಗಳೇ ಹಿಡಿದವು. ಬಂದ ಮಧ್ಯಾಹ್ನ ಅತ್ತೆ ಕೂಸನ್ನು ಎತ್ತಿಕೊಂಡರು, ಗಂಡ ಡಿಪೋಗೆ ಹೊರಟ. ಅವಳು ಮನಸಾರೆ ಬೋರಲಾಗಿ ಮಲಗಬೇಕೆಂದುಕೊಂಡಳು. ಹೊಲಿಗೆ ಒಪ್ಪಲಿಲ್ಲ. ಅಂಗಾತ ಮಲಗಿ, ಬಾಗಿಲು ಹಾಕಿಕೊಳ್ಳಿ ಎಂದು ಅತ್ತೆಗೆ ಹೇಳುವಷ್ಟರಲ್ಲೇ ನಿದ್ದೆ ಹೋದಳು.