ಟೈಲರಮ್ಮನ ಗೇರ್‌ಬಾಕ್ಸ್

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುವ ಆ ಹೆಂಗಸಿಗೆ ಚಿಕ್ಕಂದಿನಿಂದಲೂ ಎಡಗಾಲು ಸ್ವಾಧೀನದಲ್ಲಿಲ್ಲ. ಆದರೆ ಆಟೋಮ್ಯಾಟಿಕ್ ಕಾರಿಗೆ ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ! ಇದು ಗೊತ್ತಾದದ್ದೇ ತಡ, ನಲವತ್ತಾರನೇ ವಯಸ್ಸಿನಲ್ಲಿ ಒಂದು ಹಳೇ ಕಾರು ಕೊಂಡು, ಡ್ರೈವಿಂಗ್ ಕಲಿತು, ಹೊಲಿದ ಯೂನಿಫಾರಂಗಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಊರೆಲ್ಲ ಸುತ್ತತೊಡಗಿದಳು. ಅದಕ್ಕೆ ಮೊದಲು ಎಲ್ಲಿಗೆ ಹೋಗಬೇಕಾದರೂ ಅಣ್ಣನ ಮುಖ ನೋಡಬೇಕಿತ್ತು. ಅಣ್ಣ ಬಂಗಾರದಂಥ ಮನುಷ್ಯ, ಒಂದು ದಿನವೂ ಇಲ್ಲ ಎಂದವನಲ್ಲ. ಆದರೂ ಕೇಳುವುದು ಕೇಳುವುದೇ ತಾನೇ?

ಅಂಥ ಕಾರು ಒಂದು ಸೋಮವಾರ ಸಿಗ್ನಲ್ಲಿನಲ್ಲಿ ಮೊಂಡು ಹಿಡಿದು ನಿಂತಿತು. ಇಂಜಿನ್ ಗುರ್ ಎನ್ನುತ್ತದೆ, ಕಾರು ಮಾತ್ರ ಒಂದಿಂಚೂ ಮುಂದಕ್ಕೆ ಹೋಗದು.

ತಳ್ಳಿಸಿಕೊಂಡು ಬಂದು ಅಂಗಳಕ್ಕೆ ಸೇರಿಸಿದ ಮೇಲೆ ಮೆಕ್ಯಾನಿಕ್ ಬಂದ, ಗೇರ್‌ಬಾಕ್ಸಿನ ಎಣ್ಣೆ ಮೂಸಿ ಮುಖ ಕಿವುಚಿದ. “ಸುಟ್ಟ ವಾಸನೆ ಅಮ್ಮಾ. ಹೊಸದು ಹಾಕಿದ್ರೆ ಕಾರಿಗಿಂತ ಅದಕ್ಕೇ ಜಾಸ್ತಿ ಆಗತ್ತೆ.”

“ಭಾನುವಾರ ಗುಜರಿಯವನಿಗೆ ಬರೋಕೆ ಹೇಳ್ತೀನಿ, ಕೊಟ್ಟುಬಿಡೇ,” ಎಂದ ಅಣ್ಣ. “ನಾನಿಲ್ವಾ?”

“ನೀನಿದೀಯ ಅಣ್ಣ. ಅದೇ ನನ್ ಕಷ್ಟ.”

ಅಣ್ಣ ಆಚೆ ಹೋದದ್ದೇ ಅವಳು ಮೆಕ್ಯಾನಿಕ್ಕನನ್ನು ಹಿಡಿದಳು. “ನಿಜ ಹೇಳು. ಪೂರ್ತಿ ಹಾಳಾಗಿದೆಯಾ, ಇಲ್ಲ ಎಲ್ಲೋ ಏನೋ ಸಿಕ್ಕಿಹಾಕ್ಕೊಂಡಿದೆಯಾ?”

ಅವನು ತಲೆ ಕೆರೆದುಕೊಂಡ. “ಒಂದೊಂದ್ಸಲ ವಾಲ್ವ್ ಬಾಡಿಲಿ ಕೊಳೆ ಕೂತಿರತ್ತೆ. ತೊಳೆದ್ರೆ ಸರಿಹೋದ್ರೂ ಹೋಯ್ತು. ಗ್ಯಾರಂಟಿ ಕೊಡಲ್ಲಮ್ಮ.”

“ಯಾರು ಕೇಳಿದ್ರು ನಿನ್ ಗ್ಯಾರಂಟಿ? ಕಾರು ಎತ್ತಿ ನಿಲ್ಸೋ ಸ್ಟ್ಯಾಂಡ್ ಕೊಟ್ಟು ಹೋಗು.”

ಮೂರು ದಿನ ಹೊಲಿಗೆ ಮುಗಿಸಿ ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು! ಶುಕ್ರವಾರ ಬೆಳಿಗ್ಗೆ ಕಾರಿನ ಕೆಳಗೆ ರಟ್ಟು ಹಾಸಿ ಮಲಗಿದಳು. ಕಾರಿನ ಕೆಳಗೆ ಅಂಗಾತ ಬಿದ್ದಿರುವಾಗ ಕುಂಟರು ಯಾರು, ಓಟಗಾರರು ಯಾರು? ಅತ್ತಿಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿದಳು. ತಳದ ತಟ್ಟೆ ಬಿಚ್ಚಿ ಕರೀ ಎಣ್ಣೆ ಇಳಿಸಿ ವಾಲ್ವ್ ಬಾಡಿ ಹೊರತೆಗೆದರೆ, ಅದೊಂದು ದಪ್ಪ ಅಲ್ಯೂಮಿನಿಯಂ ಹಲಗೆ. ಮೈಯೆಲ್ಲ ಹುಳು ಕೊರೆದ ಹಾಗೆ ಎಣ್ಣೆ ಹರಿಯುವ ಸಣ್ಣ ಸಣ್ಣ ಕಾಲುವೆಗಳು, ಅವುಗಳೊಳಗೆ ಜಾರುವ ಬೆರಳುದ್ದದ ಕಡ್ಡಿಗಳು. ಬೋಲ್ಟುಗಳೋ, ಒಂದರ ಉದ್ದ ಇನ್ನೊಂದಕ್ಕಿಲ್ಲ. ಟೈಲರಮ್ಮ ಬ್ಲೌಸಿನ ಅಳತೆ ಬರೆದು ಕತ್ತರಿಸುವ ಕಂದು ಕಾಗದದ ಮೇಲೆ ಹಲಗೆಯ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲಲ್ಲೇ ಚುಚ್ಚಿಟ್ಟಳು.

“ಕಾರಿಗೂ ಕುಪ್ಪಸ ಹೊಲೀತೀಯೇನೇ?” ಎಂದಳು ಅತ್ತಿಗೆ.

“ಸುಮ್ನೆ ಟಾರ್ಚ್ ಹಿಡೀರಿ ಅತ್ತಿಗೆ, ನನ್ ಮೂಗಿಗಲ್ಲ, ಅಲ್ಲಿಗೆ!”

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ತನ್ನಲ್ಲಿದ್ದ ಅತಿ ಮೆತ್ತನೆಯ ಕಾಟನ್ ತುಂಡುಗಳಿಂದ, ಮಗುವಿನ ಮೈ ಒರೆಸಿದ ಹಾಗೆ ಒರೆಸಿ, ಜೋಡಿಸಿ, ಹೊಸ ಫಿಲ್ಟರ್ ಹಾಕಿ, ಹೊಸ ಎಣ್ಣೆ ಹೊಯ್ದಳು. ಸ್ಟಾರ್ಟ್ ಮಾಡಿ ರಿವರ್ಸಿಗೆ ಹಾಕಿದರೆ ಕಾರು ಸೊಗಸಾಗಿ ಹಿಂದೆ ಹೋಯಿತು! ಮುಂದಕ್ಕೆ ಹಾಕಿದರೆ... ಊಹೂಂ.

“ಸರಿ ಬಿಡು,” ಎಂದಳು ಅತ್ತಿಗೆ. “ಇನ್ಮೇಲೆ ಎಲ್ಲಾ ಕಡೆಗೂ ಹಿಂದಕ್ಕೇ ಹೋಗೋಣ.”

ಟೈಲರಮ್ಮನಿಗೆ ನಗು ಬಂತು, ಕಣ್ಣೂ ತುಂಬಿತು. ಗುಜರಿಯವನು ಬರುವುದು ನಾಡಿದ್ದು.

ಶನಿವಾರ ಹೊಸ ಎಣ್ಣೆಯನ್ನು ತೊಳೆದ ಟಬ್ಬಿಗಿಳಿಸಿ ಮತ್ತೆ ಎಲ್ಲ ಬಿಚ್ಚಿದಳು. ಒಂದು ಕಡ್ಡಿ ಅರ್ಧದಲ್ಲೇ ಬಿಗಿದು ಕೂತಿತ್ತು. ಮೆಲ್ಲಗೆ ಹೊರಗೆಳೆದು, ಸೂಜಿಗೆ ದಾರ ಪೋಣಿಸುವಾಗ ಹಾಕುವ ಕನ್ನಡಕ ಹಾಕಿ ನೋಡುತ್ತಾಳೆ: ಕೂದಲಿಗಿಂತ ಸಣ್ಣ ಹಸಿರು ನೂಲಿನೆಳೆ! ಐದನೇ ಕ್ಲಾಸಿನ ಮಕ್ಕಳ ಯೂನಿಫಾರಂ ಬಣ್ಣ.

“ಅಯ್ಯೋ ನನ್ ಕರ್ಮವೇ! ಒರೆಸಿ ಒರೆಸಿ ನಾನೇ ಕೆಡಿಸಿದೀನಲ್ಲ ಅತ್ತಿಗೆ!”

ಇಪ್ಪತ್ತೈದು ವರ್ಷ ಕೈಗೊಂದು ಬಟ್ಟೆ ತುಂಡಿಲ್ಲದೆ ಯಾವ ಕೆಲಸವನ್ನೂ ಮಾಡದವಳು ಆ ದಿನ ತುಂಡುಗಳನ್ನೆಲ್ಲ ಮನೆಯೊಳಗಿಟ್ಟು ಬಾಗಿಲು ಹಾಕಿದಳು. ಹೊಸ ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದದ್ದನ್ನೆಲ್ಲ ಸೈಕಲ್ ಪಂಪಿನ ಗಾಳಿ ಊದಿಯೇ ಒಣಗಿಸಿದ್ದು. ಅತ್ತಿಗೆ ಪಂಪು ಒತ್ತಿ ಒತ್ತಿ ಬೆವರಿಳಿಸುತ್ತ, “ನಿಮ್ಮಣ್ಣನ್ನ ಕಟ್ಕೊಂಡಾಗ ಇದನ್ನ ಯಾರೂ ಹೇಳಿರ್ಲಿಲ್ಲ,” ಎಂದು ಗೊಣಗಿದಳು. ಕಡ್ಡಿಗಳು ಈಗ ಹಲಗೆ ಓರೆ ಮಾಡಿದರೆ ಸಾಕು, ತಮ್ಮಷ್ಟಕ್ಕೆ ತಾವೇ ಜಾರುತ್ತಿದ್ದವು.

ಎಲ್ಲ ಮತ್ತೆ ಜೋಡಿಸಿ ಎಣ್ಣೆ ಹೊಯ್ದಾದ ಮೇಲೆ, ಸಂಜೆ ನಾಲ್ಕಕ್ಕೆ ಅತ್ತಿಗೆ ಎಣ್ಣೆಗೈಯಲ್ಲೇ ಪಕ್ಕದ ಸೀಟಿಗೆ ಹತ್ತಿದಳು. ಟೈಲರಮ್ಮ ಗೇರ್ ಮುಂದಕ್ಕೆ ಹಾಕಿದಳು. ಕಾರು ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ... ಹೊರಟಿತು! ಮೊದಲನೇ ಗೇರು, ಎರಡನೇದು, ಮೂಲೆ ತಿರುಗುವಷ್ಟರಲ್ಲಿ ಮೂರನೇದು, ಒಂದು ಜರ್ಕ್ ಇಲ್ಲ, ಒಂದು ಗೊರಗೊರ ಇಲ್ಲ!

“ಸಾಕು, ತಿರುಗಿಸು,” ಎಂದಳು ಅತ್ತಿಗೆ. “ನಿಮ್ಮಣ್ಣನಿಗೆ ಹೇಳೋಣ, ಗುಜರಿಯವನಿಗೆ ಬರಬೇಡ ಅನ್ಲಿ.”

“ಹೇಳೋಣ. ಅದಿರಲಿ, ನಿಮಗೆಲ್ಲಿಗೆ ಹೋಗ್ಬೇಕು ಅತ್ತಿಗೆ?”

“ನನಗಾ?” ಅತ್ತಿಗೆ ಪೆಚ್ಚಾದಳು. ಕಿಟಕಿಯಾಚೆ ನೋಡಿದಳು, ಮಡಿಲಲ್ಲಿದ್ದ ಕೈ ನೋಡಿಕೊಂಡಳು. “ಯಾರೂ ಹೀಗೆ ಕೇಳಿದ್ದೇ ಇಲ್ವಲ್ಲೇ... ನೀನು ಹೋಗ್ತಾ ಇರು. ಯೋಚ್ನೆ ಮಾಡ್ತೀನಿ.”