ಪಿಂಗಾಣಿ ಕಪ್ಪು

ಬಸವೇಶ್ವರನಗರದಲ್ಲಿ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮನೆಗೆ ಫಿಸಿಯೋಥೆರಪಿ ಮಾಡೋಕೆ ಹೋಗ್ತಿದ್ದೆ. ಅವರಿಗೆ ಮಂಡಿ ಆಪರೇಷನ್ ಆಗಿತ್ತು. ಎಷ್ಟೇ ನೋವಾದರೂ ವ್ಯಾಯಾಮ ಬಿಡ್ತಿರಲಿಲ್ಲ.

"ಯಾಕೆ ಸಾರ್ ಇಷ್ಟು ಅವಸರ?" ಅಂದೆ.

"ಹಿಂದಿನ ರಸ್ತೇಲಿ ನನ್ನ ಸ್ನೇಹಿತ ಇದಾನಮ್ಮ, ಲಾಯರು. ಅವನ ಅಪೀಲುಗಳು ನನ್ನ ಮುಂದೆ ಬರಬಹುದು ಅಂತ, ಜಡ್ಜ್ ಆದಾಗಿಂದ ಅವನ ಮನೆಗೆ ಹೋಗಲಿಲ್ಲ. ಸಂಕ್ರಾಂತಿ ಎಳ್ಳು-ಬೆಲ್ಲಾನೂ ಗೇಟಿಂದಲೇ ವಾಪಸ್ ಕಳಿಸ್ತಿದ್ದೆ. ಈಗ ಹೋಗ್ಬೇಕು, ನಡ್ಕೊಂಡೇ. ಕಾರಲ್ಲಿ ಹೋದ್ರೆ ಜಡ್ಜ್ ಬಂದ ಹಾಗಿರುತ್ತೆ."

ಕೊನೆಗೊಂದು ಬೆಳಿಗ್ಗೆ ಕೋಲೂರಿಕೊಂಡು ಹೊರಟರು, ಜೊತೆಗೆ ನಾನು. ಬಾಗಿಲು ತೆಗೆದ ಸ್ನೇಹಿತರು ಕೈಮುಗಿದು ನಿಂತೇಬಿಟ್ಟರು. ಕೂತ್ಕೊಳ್ಳೋ ಅಂತ ಇವರೇ ಹೇಳಬೇಕಾಯ್ತು. ಆಗಲೂ ಕೂತಿದ್ದು ಕುರ್ಚಿಯ ತುದೀಲಿ.

ಕಾಫಿ ಬಂತು. ನನಗೂ ಆ ಲಾಯರಿಗೂ ಸ್ಟೀಲ್ ಲೋಟ. ನ್ಯಾಯಮೂರ್ತಿಗಳಿಗೆ ಶೋಕೇಸಿಂದ ತೆಗೆದು ತೊಳೆದ ಪಿಂಗಾಣಿ ಕಪ್ಪು, ಸಾಸರು.

"ನನಗೂ ಲೋಟದಲ್ಲೇ ಕೊಡೋ," ಅಂದರು.

"ಛೆ ಛೆ, ತಮಗೆ ಲೋಟದಲ್ಲಿ ಕೊಡೋದಾ ಸಾರ್!" ಅಂತ ಸ್ನೇಹಿತರು ಮತ್ತೆ ಎದ್ದು ನಿಂತರು.

ಇವರು ಕಪ್ಪಲ್ಲೇ ಕುಡಿದರು, ನನ್ನ ಕೈಯಲ್ಲಿದ್ದ ಲೋಟ ನೋಡ್ತಾ.

ವಾಪಸ್ ಬರುವಾಗ, "ನಾಳೆಯಿಂದ ವ್ಯಾಯಾಮ ಸಾಕಮ್ಮ," ಅಂದರು. ಕಾಫಿ ಬಹಳ ಚೆನ್ನಾಗಿತ್ತು. ಅದನ್ನ ಹೇಳೋಕೆ ಮಾತ್ರ ನನಗೆ ಬಾಯಿ ಬರಲಿಲ್ಲ.